ಆಳು ಕರೆಯುವ ಮುನ್ನ ಕಣ ಸಾರಿಸೋಣ

ನಮ್ಮ ಗುಂಡಗುರ್ತಿಯ ಕಡೆಯ ಹಳ್ಳಿಗಳಲ್ಲಿ, ರಾಶಿ ಮಾಡುವ ಯಂತ್ರಗಳು ಬರುವುದಕ್ಕೆ ಮೊದಲು, ಸುಗ್ಗಿಯ ಕಾಲಕ್ಕೆ ಒಂದು ಕ್ರಮವಿತ್ತೆಂದು ಹಿರಿಯರು ಹೇಳುತ್ತಾರೆ. ಹೊಲದ ಯಜಮಾನನು ಮೊದಲು ಕಣ ಮಾಡುತ್ತಿದ್ದನು. ನೆಲವನ್ನು ಕೆತ್ತಿ, ನೀರು ಹೊಡೆದು, ತುಳಿಸಿ ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟ ಮೇಲೆಯೇ ಮುಯ್ಯಾಳುಗಳಿಗೆ ಹೇಳಿಕಳಿಸುತ್ತಿದ್ದನು. ಕಣವಿಲ್ಲದೆ ಆಳು ಕರೆದವನ ಕಾಳು ಮಣ್ಣಿನ ಪಾಲಾಗುತ್ತಿತ್ತು. ಬಂದ ಆಳುಗಳು ಬೇವಿನ ನೆರಳಲ್ಲಿ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಸಂಜೆಗೆ ಎದ್ದು ಹೋಗುತ್ತಿದ್ದರು. ಮರುವರ್ಷ ಕರೆದರೆ ಅವರು ಬರುವರೆ?

ಈ ಹಳೆಯ ಮಾತು ನನಗೆ ನೆನಪಾದದ್ದು ಒಂದು ಹೊಸ ವಿಷಯದಿಂದ. ಯಾರ ಸ್ವತ್ತೂ ಆಗದೆ ಎಲ್ಲರ ಸ್ವತ್ತಾಗಿರುವ ಕೆಲಸಗಳು ಇಂದು ಜಗತ್ತಿನಲ್ಲಿ ನಡೆಯುತ್ತಿವೆ. ಅವನ್ನು ಓಪನ್ ಸೋರ್ಸ್, ಎಂದರೆ ಮುಕ್ತ ಆಕರದ ಕೆಲಸಗಳೆಂದು ಕರೆಯುತ್ತಾರೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ತಂತ್ರಾಂಶವನ್ನು ಎಲ್ಲರ ಮುಂದೆ ಇಟ್ಟನು. ಬೇಕಾದವರು ನೋಡಿದರು, ತಿದ್ದಿದರು, ಬೆಳೆಸಿದರು. 2001ರಲ್ಲಿ ಇಂಗ್ಲಿಷಿನ ವಿಕಿಪೀಡಿಯ ಹುಟ್ಟಿತು. 2003ರಲ್ಲಿ ಕನ್ನಡದ್ದೂ ಹುಟ್ಟಿತು. ಅದನ್ನು ನಡೆಸುವ ಮೀಡಿಯವಿಕಿ ಎಂಬ ತಂತ್ರಾಂಶವೂ ಮುಕ್ತ, ಅದರಲ್ಲಿರುವ ಬರಹವೂ ಮುಕ್ತ. ಇಂಥ ಕೆಲಸಕ್ಕೆ ಹೊಸಬರನ್ನು ಸೇರಿಸಲು ಆಗಾಗ ಉತ್ಸವಗಳು ನಡೆಯುವುದುಂಟು. ಕನ್ನಡದಲ್ಲಿ ಅವಕ್ಕೆ ಸಂಪಾದನೋತ್ಸವವೆಂಬ ಸೊಗಸಾದ ಹೆಸರೂ ಇದೆ. ಹೆಸರಿನಲ್ಲಿ ಉತ್ಸವವಿದ್ದ ಮಾತ್ರಕ್ಕೆ ಮನೆಯಲ್ಲಿ ಸಿದ್ಧತೆಯಿದೆಯೆಂದು ಹೇಳಲಾದೀತೆ? ಹೊಸಬರನ್ನು ಕರೆಯುವುದಕ್ಕಿಂತ ಅವರಿಗಾಗಿ ಮನೆಯನ್ನು ಅಣಿಗೊಳಿಸುವುದೇ ದೊಡ್ಡ ಕೆಲಸವೆಂಬುದು ಈ ಲೇಖನದ ವಾದ.

ಇಂಥದೊಂದು ಮುಕ್ತ ಯೋಜನೆಯ ಕಾರ್ಯಾಗಾರಕ್ಕೆ ನಾನೂ ಒಮ್ಮೆ ಹೋಗಿದ್ದೆ. ಉದ್ಘಾಟನೆ, ಸ್ವಾಗತ, ಮಾಲಾರ್ಪಣೆ, ಭಾಷಣಗಳಲ್ಲಿ ಮಧ್ಯಾಹ್ನವಾಯಿತು. ಊಟವಾದ ಮೇಲೆ "ಏನಾದರೂ ಬರೆಯಿರಿ" ಎಂದರು. ಏನನ್ನು ಬರೆಯಬೇಕು, ಎಲ್ಲಿ ಬರೆಯಬೇಕು, ಯಾರನ್ನು ಕೇಳಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ನಾನು ನನ್ನೂರಿನ ಕುರಿತು ಹತ್ತು ಸಾಲು ಬರೆದೆ. ಸಂಜೆ ಪ್ರಮಾಣಪತ್ರ ಕೊಟ್ಟರು, ಫೋಟೋ ತೆಗೆದರು. ಮರುದಿನ ನೋಡಿದರೆ ನನ್ನ ಹತ್ತು ಸಾಲುಗಳು ಅಲ್ಲಿರಲಿಲ್ಲ. ಏಕೆ ಇಲ್ಲವೆಂದು ಕೇಳಲು ಯಾರ ಹೆಸರೂ ನನಗೆ ಗೊತ್ತಿರಲಿಲ್ಲ. ಆಧಾರವನ್ನು ಕೊಡದೆ ಬರೆದ ತಪ್ಪು ನನ್ನದೇ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಆ ಒಂದು ಮಾತನ್ನು ಮೊದಲೇ ಹೇಳಿದ್ದರೆ, ಅಂದು ಬಂದವರಲ್ಲಿ ನಾಲ್ಕು ಮಂದಿಯಾದರೂ ಉಳಿಯುತ್ತಿದ್ದರು.

ಇದು ನಮ್ಮ ಕಡೆಯ ಸಣ್ಣ ಸಂಗತಿ. ದೊಡ್ಡ ಊರುಗಳಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟುಗಳು ಆಗಿವೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಗೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯಲು ತೊಡಗಿಸಿದರು. ಬಹಳಷ್ಟು ಮಂದಿ ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ನಕಲು ಮಾಡಿ ಹಾಕಿದರು. ಅದನ್ನು ಹುಡುಕಿ ತೆಗೆಯುವುದರಲ್ಲಿ ಹಳಬರು ಸೋತುಹೋದರು. ವರ್ಷ ಮುಗಿಯುವುದರೊಳಗೆ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಹಾಗೆಯೇ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವ ನಡೆಯುತ್ತ ಬಂದಿದೆ. 2020ರಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಅಂಗಿಯ ಬಹುಮಾನವಿತ್ತು. ಅಂಗಿಯ ಆಸೆಗೆ ಜನ ಅರ್ಥವಿಲ್ಲದ ತಿದ್ದುಪಡಿಗಳ ಮಳೆಯನ್ನೇ ಸುರಿಸಿದರು. ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಉತ್ಸವಕ್ಕೆ ಸೇರಿಸುವ ನಿಯಮವನ್ನು ನಡುವೆಯೇ ತರಬೇಕಾಯಿತು. ಎರಡು ಪ್ರಸಂಗಗಳಲ್ಲಿಯೂ ತಪ್ಪನ್ನು ಹೊಸಬರ ತಲೆಗೆ ಕಟ್ಟುವುದು ಸುಲಭ. ಆದರೆ ಕಣ ಮಾಡದೆ ಕರೆದವರ ತಪ್ಪು ಅದಕ್ಕಿಂತ ಕಡಿಮೆಯದೇನಲ್ಲ.

ಹಾಗಾದರೆ ಕಣ ಮಾಡುವುದೆಂದರೇನು? ಮೊದಲನೆಯದಾಗಿ, ಕೆಲಸವನ್ನು ಕೈಗೆಟಕುವ ತುಂಡುಗಳಾಗಿ ಮಾಡಿ ಇಡಬೇಕು. ಇದಕ್ಕೆ ಕನ್ನಡ ವಿಕಿಸೋರ್ಸ್ ಒಳ್ಳೆಯ ಮಾದರಿ. ಅಲ್ಲಿ ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಕಡೆ, ಯಂತ್ರ ಓದಿಕೊಟ್ಟ ಅಕ್ಷರಗಳು ಇನ್ನೊಂದು ಕಡೆ ಇರುತ್ತವೆ. ಯಂತ್ರವು ಅನುಸ್ವಾರವನ್ನು ಸೊನ್ನೆಯೆಂದು ಓದುತ್ತದೆ, ಒತ್ತಕ್ಷರವನ್ನು ನುಂಗುತ್ತದೆ. ಅದನ್ನು ಮನುಷ್ಯನ ಕಣ್ಣು ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಎರಡನೆಯವರು ಮತ್ತೊಮ್ಮೆ ನೋಡಿ ಒಪ್ಪಿದ್ದು ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಒಂದು ಪುಟವೆಂದರೆ ಒಂದು ಕೆಲಸ. ಅದಕ್ಕೊಂದು ಮೊದಲು, ಒಂದು ಕೊನೆ. ಕಂಪ್ಯೂಟರ್ ವಿಜ್ಞಾನ ಓದದ ಕಲಾ ವಿಭಾಗದ ವಿದ್ಯಾರ್ಥಿಯೂ ಮೊದಲ ದಿನವೇ ಇದನ್ನು ಮಾಡಬಲ್ಲ. ನಲವತ್ತು ಜನರನ್ನು ಕರೆಯುವವರು ನಲವತ್ತಕ್ಕಿಂತ ಹೆಚ್ಚು ಇಂಥ ಕೆಲಸಗಳ ಪಟ್ಟಿಯನ್ನು ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ತಂತ್ರಾಂಶದ ಯೋಜನೆಗಳಲ್ಲಿ ಹೊಸಬರಿಗೆ ತಕ್ಕ ಕೆಲಸಗಳಿಗೆ ಬೇರೆ ಗುರುತು ಹಚ್ಚಿಡುವುದೂ ಈ ಉದ್ದೇಶಕ್ಕೇ.

ಎರಡನೆಯದು, ಹೊಸ್ತಿಲಲ್ಲಿಯ ಕಲ್ಲುಗಳನ್ನು ತೆಗೆಯುವುದು. ಒಂದೇ ಇಂಟರ್ನೆಟ್ ಸಂಪರ್ಕದಿಂದ ಒಂದು ದಿನಕ್ಕೆ ಆರು ಹೊಸ ಖಾತೆಗಳನ್ನು ಮಾತ್ರ ತೆರೆಯಲು ವಿಕಿಪೀಡಿಯ ಬಿಡುತ್ತದೆ. ಕಿಡಿಗೇಡಿಗಳನ್ನು ತಡೆಯಲು ಮಾಡಿದ ನಿಯಮವಿದು, ಅದರಲ್ಲಿ ತಪ್ಪಿಲ್ಲ. ಆದರೆ ಕಾಲೇಜಿನ ಪ್ರಯೋಗಾಲಯದಲ್ಲಿ ನಲವತ್ತು ಜನ ಕುಳಿತಾಗ ಏಳನೆಯವನ ಗತಿಯೇನು? ಮುಂಚಿತವಾಗಿ ವಿನಂತಿಸಿಕೊಂಡರೆ ಆ ದಿನದ ಮಟ್ಟಿಗೆ ಮಿತಿಯನ್ನು ಸಡಿಲಿಸುತ್ತಾರೆ. ಇಲ್ಲವೆ, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ, ತಮ್ಮ ಮೊಬೈಲಿನಲ್ಲಿ, ಹಿಂದಿನ ದಿನವೇ ಖಾತೆ ತೆರೆದು ಬರಬಹುದು. ಒಂದು ಪತ್ರದಿಂದ ಮುಗಿಯುವ ಕೆಲಸ. ಮರೆತರೆ ಒಂದು ದಿನವೇ ಹಾಳು. ಕನ್ನಡದ ಟೈಪಿಂಗಿನ ವಿಷಯವೂ ಇಂಥದೇ. ನಮ್ಮ ಅನೇಕ ಅಧ್ಯಾಪಕರ ಬರಹಗಳು ಹಳೆಯ ನುಡಿ, ಬರಹ ಫಾಂಟುಗಳಲ್ಲಿವೆ. ಅವನ್ನು ಯುನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಪರದೆಯ ಮೇಲೆ ಮೂಡುವುದು ಯಾವ ಭಾಷೆಯೂ ಅಲ್ಲದ ಚಿಹ್ನೆಗಳು. ಪರಿವರ್ತಿಸುವ ಸಾಧನಗಳಿವೆ, ಅವನ್ನು ಮೊದಲೇ ತೋರಿಸಿಕೊಟ್ಟರೆ ಸಾಕು.

ಮೂರನೆಯದು, ಹಕ್ಕುಸ್ವಾಮ್ಯದ ತಿಳಿವಳಿಕೆ. ನಮ್ಮ ದೇಶದ 1957ರ ಕಾಯಿದೆಯಂತೆ, ಲೇಖಕನು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವನು ತೀರಿಕೊಂಡ ಮರುವರ್ಷದ ಮೊದಲಿನಿಂದ ಎಣಿಸಿ 60 ವರ್ಷ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಅಂಥ ಕೃತಿಗಳು ಇಂದು ಎಲ್ಲರ ಸೊತ್ತು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರವು 2035ರ ಕೊನೆಯವರೆಗೆ ಹಾಗಲ್ಲ. ಹಕ್ಕುಳ್ಳವರು ತಾವಾಗಿಯೇ ಕೊಟ್ಟರೆ ಆ ಮಾತು ಬೇರೆ. 2014ರಲ್ಲಿ ನಿರಂಜನರ ಕೃತಿಗಳನ್ನು ಅವರ ಮನೆಯವರು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಹಾಗೆಯೇ ಕೊಟ್ಟಿತು. ಇಷ್ಟನ್ನು ಹತ್ತು ನಿಮಿಷದಲ್ಲಿ ತಿಳಿಸಿದರೆ ಪುಣೆಯಲ್ಲಾದದ್ದು ಚಿತ್ತಾಪುರದಲ್ಲಿ ಆಗದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಕೇಳಿದರೆ ಉತ್ತರ ಕೊಡುವ ಮನುಷ್ಯ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನವಿದ್ದುದನ್ನು ನಾವೆಲ್ಲ ಬಲ್ಲೆವು. 11ನೆಯ ಶತಮಾನದ ಅಲ್ಲಿಯ ಶಾಸನದಲ್ಲಿ ಗುರುಗಳಿಗೆ, ಶಿಷ್ಯರಿಗೆ ಮಾತ್ರವಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವ್ಯವಸ್ಥೆ ಮಾಡಿದ ಮಾತು ಬರುತ್ತದೆ. ಪುಸ್ತಕಗಳಿದ್ದರೆ ಸಾಲದು, ಪುಸ್ತಕ ಎಲ್ಲಿದೆಯೆಂದು ಹೇಳುವವರೂ ಬೇಕೆಂಬ ವಿವೇಕ ನಮ್ಮವರಿಗೆ ಅಂದೇ ಇತ್ತು. ಇಂದಿನ ಉತ್ಸವಗಳಿಗೂ ಭಂಡಾರಿಗರು ಬೇಕು. ಐದಾರು ಹೊಸಬರಿಗೆ ಒಬ್ಬರಾದರೂ ಬೇಕು. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಚರ್ಚಿಸುವ ಜಾಗಕ್ಕೆ ಅರಳಿಕಟ್ಟೆ ಎಂದು ಹೆಸರು. ಹೆಸರು ಕೇಳಿದರೆ ತಂಪಾಗುತ್ತದೆ. ಆದರೆ ಕಟ್ಟೆಯ ಮೇಲೆ ಹಿರಿಯರು ಕುಳಿತು "ಬಾ ತಮ್ಮಾ, ಕುಂದ್ರು, ಏನು ಬೇಕು?" ಎಂದು ಕೇಳಿದಾಗಲೇ ಅದು ಕಟ್ಟೆ, ಇಲ್ಲವಾದರೆ ಬರಿಯ ಕಲ್ಲು.

ಭಾಷೆಯ ಕುರಿತೂ ಒಂದು ಮಾತು. ನಮ್ಮ ಸೇಡಂ, ಚಿಂಚೋಳಿ, ಶಹಾಬಾದಗಳ ಕನ್ನಡದಲ್ಲಿ ಉರ್ದು, ತೆಲುಗು, ಮರಾಠಿಗಳ ಬೆರಕೆಯುಂಟು. ಈ ಭಾಗದ ಹುಡುಗ ಬರೆದ ವಾಕ್ಯವನ್ನು ಕಂಡು ಬೇರೆ ಕಡೆಯವರು "ಇದು ಶುದ್ಧವಲ್ಲ" ಎಂದು ಒಂದೇ ಪೆಟ್ಟಿಗೆ ಅಳಿಸಿದರೆ, ಅವನು ಅಳಿಸಿಹೋದದ್ದು ವಾಕ್ಯವಲ್ಲ, ತಾನೇ ಎಂದು ತಿಳಿಯುತ್ತಾನೆ. ಕನ್ನಡಗಳು ಹಲವೆಂಬುದನ್ನು ನಮ್ಮ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು 9ನೆಯ ಶತಮಾನದಲ್ಲಿಯೇ ಗುರುತಿಸಿತ್ತು. ತಿದ್ದಬಾರದೆಂದು ನಾನು ಹೇಳುವುದಿಲ್ಲ. ಕಾರಣ ಹೇಳಿ, ಕನ್ನಡದಲ್ಲಿ ಹೇಳಿ, ತಿದ್ದಬೇಕು.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಒಂದು: "ಆಸಕ್ತಿಯಿದ್ದವರು ತಾವೇ ಕಲಿಯುತ್ತಾರೆ, ಇಷ್ಟು ಮುದ್ದು ಏಕೆ?" ತಾವೇ ಕಲಿತ ಧೀರರು ಇದ್ದಾರೆ, ನಿಜ. ಆದರೆ ಅವರಲ್ಲಿ ಬಹುಮಂದಿಗೆ ಮನೆಯಲ್ಲಿ ಕಂಪ್ಯೂಟರ್ ಇತ್ತು, ಇಂಗ್ಲಿಷ್ ಇತ್ತು, ಬಿಡುವಿತ್ತು. ವಾಡಿಯ ಸಿಮೆಂಟ್ ಕಾರ್ಖಾನೆಯ ಕೂಲಿಕಾರನ ಮಗಳಿಗೆ, ಬಸ್ಸಿಗಾಗಿ ಎರಡು ತಾಸು ಕಾಯುವ ಹಳ್ಳಿಯ ಹುಡುಗನಿಗೆ ಅವು ಯಾವುವೂ ಇಲ್ಲ. ಆಸಕ್ತಿಯಿಲ್ಲವೆಂದು ನಾವು ಕರೆಯುವುದು ಅನೇಕ ಸಲ ದಾರಿಯಿಲ್ಲದಿರುವುದನ್ನೇ. ಎರಡು: "ಹೊಸಬರು ಬಂದರೆ ಗುಣಮಟ್ಟ ಕೆಡುತ್ತದೆ." ಇದು ತೂಕವುಳ್ಳ ಮಾತು. ಹಳಬರೂ ಸಂಬಳವಿಲ್ಲದೆ ದುಡಿಯುವವರು. ಅವರ ರಾತ್ರಿಗಳನ್ನು ಕಸ ಬಳಿಯುವುದರಲ್ಲಿ ಕಳೆಯುವ ಹಕ್ಕು ನಮಗಿಲ್ಲ. ಆದುದರಿಂದಲೇ ಉತ್ಸವಕ್ಕೆ ಮೊದಲು ಅವರ ಒಪ್ಪಿಗೆಯನ್ನು ಕೇಳಬೇಕು, ಅವರು ಎಷ್ಟು ಪುಟ ನೋಡಬಲ್ಲರೋ ಅಷ್ಟೇ ಜನರನ್ನು ಕರೆಯಬೇಕು. ಇನ್ನೂರು ಜನರ ಫೋಟೋಕ್ಕಿಂತ ಇಪ್ಪತ್ತು ಜನರ ಹಸಿರು ಪುಟಗಳು ಮೇಲು.

ಉತ್ಸವ ಮುಗಿದ ಮರುದಿನವೇ ನಿಜವಾದ ಪರೀಕ್ಷೆ. ಬಂದವರ ಕೆಲಸವನ್ನು ಒಂದು ವಾರದೊಳಗೆ ಯಾರಾದರೂ ನೋಡಬೇಕು. ಸರಿಯಿದ್ದರೆ ಸರಿಯೆಂದು, ತಪ್ಪಿದ್ದರೆ ಹೀಗೆ ತಿದ್ದಿರೆಂದು ಎರಡು ಸಾಲು ಬರೆಯಬೇಕು. ತಿಂಗಳಾದ ಮೇಲೆ ಎಷ್ಟು ಮಂದಿ ಉಳಿದರೆಂದು ಎಣಿಸಬೇಕು. ಬಂದವರ ಲೆಕ್ಕ ವರದಿಗೆ; ಉಳಿದವರ ಲೆಕ್ಕ ಕೆಲಸಕ್ಕೆ.

ನಮ್ಮ ಭಾಗಕ್ಕೆ ಇದರಿಂದ ಏನು ಲಾಭವೆಂದು ಕೇಳಬಹುದು. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು; ಆಡಳಿತದ ಭಾಷೆಯೂ ಉನ್ನತ ಶಿಕ್ಷಣದ ಭಾಷೆಯೂ ಉರ್ದುವಾಗಿತ್ತು. 1956ರಲ್ಲಿ ಕನ್ನಡ ನಾಡಿನೊಡನೆ ಒಂದಾದೆವು. ಅಚ್ಚಿನ ಯುಗದಲ್ಲಿ ನಮ್ಮ ಊರುಗಳ ವಿಷಯ ಬರೆದವರು ಕಡಿಮೆ, ಬರೆದದ್ದು ಉಳಿದದ್ದು ಇನ್ನೂ ಕಡಿಮೆ. ಸನ್ನತಿಯಲ್ಲಿ ಅಶೋಕನ ಶಾಸನವಿದೆ, ಶಹಾಬಾದಿನಲ್ಲಿ ನಾಡಿಗೆಲ್ಲ ನೆಲಹಾಸಾದ ಕಲ್ಲಿದೆ, ಚಿಂಚೋಳಿಯಲ್ಲಿ ಕಾಡಿದೆ, ಕಾಗಿಣಾ ನದಿಯಿದೆ, 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ತೊಗರಿಯಿದೆ. ಇವುಗಳ ವಿಷಯ ನಾವು ಬರೆಯದಿದ್ದರೆ ನೋಡದವರು ಬರೆಯುತ್ತಾರೆ, ಅಥವಾ ಯಾರೂ ಬರೆಯುವುದಿಲ್ಲ. ಅಚ್ಚಿನ ಯುಗದಲ್ಲಿ ಹಿಂದುಳಿದವರೆನಿಸಿಕೊಂಡವರು ಈ ಯುಗದಲ್ಲಿಯೂ ಹಾಗೆಯೇ ಉಳಿಯಬೇಕೆ?

ಆದುದರಿಂದ ನಮ್ಮ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ ಇಷ್ಟೇ. ಬರುವ ನವೆಂಬರ್ ಒಂದರಂದು ಭಾಷಣಗಳ ಜೊತೆಗೆ ಒಂದು ಸಣ್ಣ ಸಂಪಾದನೋತ್ಸವವನ್ನು ನಡೆಸೋಣ. ಅದಕ್ಕೆ ಒಂದು ತಿಂಗಳು ಮುಂಚೆ ಕನ್ನಡ ವಿಭಾಗದವರು ಕೆಲಸಗಳ ಪಟ್ಟಿ ಮಾಡಲಿ. ಗ್ರಂಥಾಲಯದವರು ಆಧಾರಕ್ಕೆ ಬೇಕಾದ ಪುಸ್ತಕಗಳನ್ನು ಒಂದು ಮೇಜಿನ ಮೇಲೆ ಜೋಡಿಸಿಡಲಿ. ನಮ್ಮಲ್ಲಿ ನಾಲ್ಕಾರು ಮಂದಿ ಮೊದಲೇ ಕಲಿತು ಭಂಡಾರಿಗರಾಗೋಣ. ಮಾಲೆ, ಶಾಲುಗಳು ಇರಲಿ, ಇಲ್ಲದಿರಲಿ. ಕಣ ಸಾರಿಸಿದ್ದರೆ ಮುಯ್ಯಾಳುಗಳು ಬರುತ್ತಾರೆ. ಬಂದವರು ಮರುವರ್ಷ ತಾವೇ ಇನ್ನಿಬ್ಬರನ್ನು ಕರೆತರುತ್ತಾರೆ.