ನಿರ್ಜನವೆಂಬ ಸುಳ್ಳು

ನಮ್ಮ ಪ್ರವಾಸ ಕಥನಗಳು ಅಲಾಸ್ಕದ ಕಡೆ ತಿರುಗಿದರೆ ಸಾಕು, ಮನುಷ್ಯನ ಹೆಜ್ಜೆ ಬೀಳದ ನಿರ್ಜನ ನಾಡು ಎಂಬ ಮಾತು ಬಂದೇ ಬರುತ್ತದೆ. ಈ ಮಾತು ಸುಳ್ಳು. ಬರೀ ಅಲಂಕಾರದ ಸುಳ್ಳಾಗಿದ್ದರೆ ನಕ್ಕು ಮುಂದಿನ ಪುಟಕ್ಕೆ ಹೋಗಬಹುದಿತ್ತು. ಇದು ಜನರನ್ನು ಅವರ ನೆಲದಿಂದ ಎಬ್ಬಿಸಲು ಬಳಕೆಯಾಗುವ ಸುಳ್ಳು.

ಅಲ್ಲಿನ ಡೆನಾಲಿ ರಾಷ್ಟ್ರೀಯ ಉದ್ಯಾನವನ್ನೇ ನೋಡಿ. ಒಳಗಿರುವುದು 92 ಮೈಲಿಯ ಒಂದೇ ರಸ್ತೆ. ಬೇಸಿಗೆಯಲ್ಲಿ ಖಾಸಗಿ ಕಾರುಗಳಿಗೆ ಸಾಮಾನ್ಯವಾಗಿ ಮೊದಲ 15 ಮೈಲಿ ಮಾತ್ರ ಬಿಡುತ್ತಾರೆ, ಆಮೇಲೆ ಬಸ್ಸು ಹತ್ತಬೇಕು. ಗೆಳೆಯರೊಂದಿಗೆ ನಾನು ಟೆಕ್ಲಾನಿಕ ನದಿಯ ಬದಿಯ ಕ್ಯಾಂಪಿನಲ್ಲಿ ಮೂರು ರಾತ್ರಿ ಕಳೆದಿದ್ದೇನೆ. ಬಸ್ಸಿನಲ್ಲಿ ಯಾರೋ ಒಬ್ಬರು ಕರಡಿ ಎಂದು ಕೂಗಿದರೆ ಚಾಲಕ ನಿಲ್ಲಿಸುತ್ತಾನೆ, ಎಲ್ಲರೂ ಅದೇ ಬದಿಯ ಕಿಟಕಿಗಳಿಗೆ ಮುಗಿಬೀಳುತ್ತಾರೆ. ಕ್ಯಾರಿಬೂ, ಮೂಸ್, ಬಿಳಿಯ ಡಾಲ್ ಕುರಿ, ಒಂದೊಂದಕ್ಕೂ ವಿವರಣೆ ಸಿಗುತ್ತದೆ. ಆ ನೋಟದ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಟೆಕ್ಲಾನಿಕ ಕಣಿವೆಯಲ್ಲಿ ಹತ್ತು ಸಾವಿರ ವರ್ಷಕ್ಕೂ ಹಿಂದಿನ ಬೇಟೆಗಾರರ ಕಲ್ಲಿನ ಹತಾರಗಳು ಸಿಕ್ಕಿವೆ. 'ಡೆನಾಲಿ' ಎಂಬುದೇ ಕೊಯುಕಾನ್ ಜನರ ಮಾತು. ಎತ್ತರದ್ದು ಎಂದು ಅದರ ಅರ್ಥ. 1913ರಲ್ಲಿ ಆ ಪರ್ವತದ ತುದಿಗೆ ಮೊದಲು ಕಾಲಿಟ್ಟ ವಾಲ್ಟರ್ ಹಾರ್ಪರ್ ಕೊಯುಕಾನ್ ತಾಯಿಯ ಮಗ. ಜನರೇ ಇಲ್ಲದ ಕಡೆ ಬೆಟ್ಟಕ್ಕೆ ಹೆಸರಿಟ್ಟವರು ಯಾರು?

ನಿರ್ಜನ ಎಂಬುದು ಅಲ್ಲಿ ಕಂಡ ಸಂಗತಿಯಲ್ಲ, ಕಾನೂನು ಮಾಡಿದ ಸಂಗತಿ. 1917ರಲ್ಲಿ ಉದ್ಯಾನ ಸ್ಥಾಪಿಸಿದ ಕಾಯ್ದೆ, ಊಟಕ್ಕೆ ಕೊರತೆಯಾದಾಗ ಬೇಟೆಯಾಡುವ ಅನುಮತಿಯನ್ನು ಹೆಸರಿಟ್ಟು ಕೊಟ್ಟದ್ದು ಗಣಿ ಹುಡುಕಿ ಬಂದವರಿಗೆ. 1964ರ ವೈಲ್ಡರ್‌ನೆಸ್ ಕಾಯ್ದೆ ಇನ್ನೂ ಸ್ಪಷ್ಟವಾಗಿ ಹೇಳಿತು: ಅಂಥ ನೆಲದಲ್ಲಿ ಮನುಷ್ಯ ಬಂದು ಹೋಗುವವನು, ಉಳಿಯುವವನಲ್ಲ. ಟೆಂಟು ಹೊತ್ತು ಬರುವ ನನ್ನಂಥವನಿಗೆ ಹೇಳಿ ಮಾಡಿಸಿದ ವಾಕ್ಯ ಅದು. ಅಲ್ಲೇ ಹುಟ್ಟಿದವರು ಎಲ್ಲಿಗೆ ಹೋಗಬೇಕು?

ಉದ್ಯಾನವಿಲ್ಲದಿದ್ದರೆ ಪ್ರಾಣಿಗಳು ಉಳಿಯುತ್ತಿದ್ದವೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗಣಿ ಊರುಗಳ ಮಾಂಸದ ಮಾರುಕಟ್ಟೆಯಿಂದ ಡಾಲ್ ಕುರಿಗಳನ್ನು ಕಾಪಾಡಬೇಕೆಂದೇ ಚಾರ್ಲ್ಸ್ ಶೆಲ್ಡನ್ ಆ ಉದ್ಯಾನಕ್ಕಾಗಿ ಹೋರಾಡಿದ. ಗಮನಿಸಿ, ಅವನಿಗೆ ಭಯವಿದ್ದದ್ದು ಮಾರುಕಟ್ಟೆಯ ಬೇಟೆಯದು. ಮಾರುಕಟ್ಟೆಗೂ ಮನೆಯ ಒಲೆಗೂ ವ್ಯತ್ಯಾಸವಿದೆ. 1980ರ ಕಾಯ್ದೆ ಅದನ್ನು ಅರ್ಧ ಒಪ್ಪಿಕೊಂಡಿತು: ಹೊಸದಾಗಿ ಸೇರಿಸಿದ ಉದ್ಯಾನದ ಭಾಗಗಳಲ್ಲಿ ಸ್ಥಳೀಯ ಗ್ರಾಮಸ್ಥರು ಹೊಟ್ಟೆಪಾಡಿಗೆ ಬೇಟೆಯಾಡಬಹುದು, ಹಳೆಯ ಭಾಗದಲ್ಲಿ ಆಡುವಂತಿಲ್ಲ. ಕ್ಯಾರಿಬೂಗಳಿಗೆ ಆ ಗೆರೆ ಕಾಣುವುದಿಲ್ಲ.

ಇದು ಅಮೆರಿಕದ ಜಗಳ, ನಮಗೇಕೆ ಎನ್ನುವಂತಿಲ್ಲ. ಜನರಿಲ್ಲದ ಕಾಡಿನ ಈ ಅಮೆರಿಕನ್ ಆದರ್ಶವನ್ನು ಭಾರತಕ್ಕೆ ತಂದರೆ ಬಡವರ ಮೇಲೆ ಬೀಳುವ ಪೆಟ್ಟು ಎಂಥದು ಎಂದು ರಾಮಚಂದ್ರ ಗುಹಾ 1989ರಲ್ಲೇ ಬರೆದಿದ್ದಾರೆ. ನಾಗರಹೊಳೆಯಲ್ಲಿ ಜೇನುಕುರುಬರನ್ನು ಹಾಡಿಗಳಿಂದ ಹೊರಗೆ ಕಳಿಸಲಾಯಿತು. ಸಫಾರಿ ಜೀಪುಗಳು ಮಾತ್ರ ಒಳಗೆ ಓಡಾಡುತ್ತಿವೆ. ಬೇರೆ ದಾರಿಯಿಲ್ಲವೆಂದಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿತು.

ಕನ್ನಡದಲ್ಲಿ ಬರೆಯುವವರಿಗೆ ಈ ಸುಳ್ಳು ಇನ್ನೂ ದೊಡ್ಡ ನಾಚಿಕೆ. ಕಾಡು ಎಂಬ ನಮ್ಮ ಮಾತಿನಲ್ಲಿ ಜನ ಯಾವತ್ತೂ ಇದ್ದಾರೆ: ಕಾಡುಕುರುಬರು, ಕಾಡುಗೊಲ್ಲರು. ಇಷ್ಟಿದ್ದೂ ವೈಲ್ಡರ್‌ನೆಸ್ಸನ್ನು ನಿರ್ಜನ ಎಂದು ಕನ್ನಡಿಸಿ, ಇಲ್ಲದ ಶೂನ್ಯವನ್ನು ಭಾಷೆಯೊಳಕ್ಕೆ ತರುತ್ತೇವೆ. ಕರಡಿ ನೋಡಲು ಹೋಗಿ, ಚಿತ್ರ ತೆಗೆಯಿರಿ, ಟೆಂಟು ಹಾಕಿ, ಬರೆಯಿರಿ. ಆ ಕರಡಿಯನ್ನು ಅಲ್ಲಿನವರು ಏನೆಂದು ಕರೆಯುತ್ತಿದ್ದರು, ಅವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸದೆ ಮಾತ್ರ ನಿರ್ಜನ ಎಂದು ಬರೆಯಬೇಡಿ.