ಸಂಶೋಧನೆಗೂ ಸಂಬಳವುಂಟು

ಎಂ.ಎಸ್‌ಸಿ. ಮುಗಿಸಿದ ಮಗನಿಗೆ "ಓದಿದ್ದು ಸಾಕು, ಇನ್ನು ಸಂಪಾದನೆಯ ದಾರಿ ನೋಡು" ಎನ್ನದ ತಂದೆ ನಂಜನಗೂಡಿನ ಕಾರ್ಮಿಕರ ಮನೆಗಳಲ್ಲಾಗಲಿ, ತಿರುಮಕೂಡಲು ನರಸೀಪುರದ ಅಂಗಡಿ ಬೀದಿಯಲ್ಲಾಗಲಿ ಅಪರೂಪ. ಅವರನ್ನು ನಾವು ದೂರುವುದಿಲ್ಲ. ಪಿಎಚ್.ಡಿ. ಎಂದರೆ ಇನ್ನೂ ಐದು ವರ್ಷ ಮನೆಯಿಂದ ಹಣ ಸುರಿಯುವ ಬಾಬತ್ತು ಎಂದೇ ಬಹಳ ಮಂದಿ ನಂಬಿದ್ದಾರೆ. ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳಲ್ಲಿ ಆಯ್ಕೆಯಾದವರಿಗೆ ಸರ್ಕಾರವೇ ತಿಂಗಳು ತಿಂಗಳು ಹಣ ಕೊಡುತ್ತದೆಂಬ ಸುದ್ದಿ ಅವರಿಗೆ ಮುಟ್ಟಿಲ್ಲ.

ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಎಂಬ ಪರೀಕ್ಷೆ ವರ್ಷಕ್ಕೆರಡು ಬಾರಿಯ ಲೆಕ್ಕದಲ್ಲಿ ನಡೆಯುತ್ತದೆ. ಅದರಲ್ಲಿ ಜೂನಿಯರ್ ರಿಸರ್ಚ್ ಫೆಲೋಷಿಪ್ ಗಳಿಸಿದವರಿಗೆ 2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಹಾಸ್ಟೆಲ್ ದೊರೆಯದಿದ್ದರೆ ಮನೆ ಬಾಡಿಗೆ ಭತ್ಯ ಬೇರೆ. ನಮ್ಮ ಕಾರ್ಖಾನೆಗಳಲ್ಲಿ ಎಷ್ಟು ಮಂದಿಯ ಕೈಗೆ ಇಷ್ಟು ಬರುತ್ತದೆ? ಓದುಗರೇ ಲೆಕ್ಕ ಹಾಕಿಕೊಳ್ಳಲಿ. ಎಂಜಿನಿಯರಿಂಗ್ ಪದವೀಧರರಿಗೆ ಗೇಟ್ ಪರೀಕ್ಷೆಯ ದಾರಿಯುಂಟು. ಬಿ.ಎಸ್‌ಸಿ. ಆದವರು ಜಾಮ್ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್.ಡಿ.ಗೆ ಸೇರಬಹುದು. ಪರಿಶಿಷ್ಟ ಜಾತಿ ಹಾಗೂ ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಷಿಪ್‌ಗಳಿವೆ.

ದೂರವೇ ಹೋಗಬೇಕೆಂದಿಲ್ಲ. 1950ರಲ್ಲಿ ಸ್ಥಾಪನೆಯಾದ ಆಹಾರ ಸಂಶೋಧನಾಲಯ ಮೈಸೂರಿನಲ್ಲೇ ಇದೆ. ಕೇಂದ್ರ ರೇಷ್ಮೆ ಮಂಡಲಿಯ ಸಂಶೋಧನಾ ಸಂಸ್ಥೆಯೂ ಅಲ್ಲಿದೆ. ನರಸೀಪುರದ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ಬಿಚ್ಚುವ ತಾಯಿಯ ಮಗಳು ಆ ಹುಳುವಿನ ರೋಗವನ್ನೇ ಅಭ್ಯಾಸ ಮಾಡಿದರೆ ಆಶ್ಚರ್ಯವೇನು? ನಂಜನಗೂಡು ರಸಬಾಳೆಯನ್ನು ಪನಾಮ ಸೊರಗು ರೋಗ ತಿಂದುಹಾಕಿತು. ಅದರ ನಷ್ಟ ಉಂಡವರ ಮಕ್ಕಳಿಗಿಂತ ಹೆಚ್ಚಿನ ಕಾಳಜಿ ಇನ್ನಾರಿಗೆ ಇದ್ದೀತು!

ಇದು ಹೊಸ ಮಾತೂ ಅಲ್ಲ. ನಂಜನಗೂಡಿನ ವಕೀಲರೊಬ್ಬರ ಮಗಳಾದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಮತ್ತೊಂದು ವಿದ್ಯಾರ್ಥಿವೇತನದ ಬಲದಿಂದ 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಶಾಸ್ತ್ರ ಕಲಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರೇ ಮೈಸೂರಿನ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಅಂಥ ಮನೆಗೆ ವಿದ್ಯಾರ್ಥಿವೇತನದ ಸುದ್ದಿ ತಾನಾಗಿ ಬರುತ್ತದೆ. ಪಾಳಿಯ ಕೆಲಸ ಮುಗಿಸಿ ಬಂದವನ ಮನೆಗೆ ಯಾರು ತಂದು ಹೇಳುತ್ತಾರೆ?

ಅಡ್ಡಿಗಳನ್ನು ನಾವು ಮುಚ್ಚಿಡುವುದಿಲ್ಲ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಹಿಂದಿ ನಾಡಿನ ಹುಡುಗನಿಗೆ ಸಿಗುವ ಅನುಕೂಲ ಕನ್ನಡದ ಹುಡುಗನಿಗೇಕಿಲ್ಲ? ಮಂಜೂರಾದ ಹಣ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಮನೆಯಿಂದ ತರಲಾರದವನಿಗೆ ಆ ತಡವೇ ಓದು ಬಿಡಿಸುತ್ತದೆ. 2019ರಲ್ಲಿ ದರ 25,000ದಿಂದ 31,000ಕ್ಕೆ ಏರಿದ್ದು ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ. ಸಂಘಟಿತ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೆಲೋಷಿಪ್ ಕೊಡದೆ ಬರಿಯ ಶುಲ್ಕ ಕಟ್ಟಿಸಿಕೊಂಡು ಪಿಎಚ್.ಡಿ.ಗೆ ಸೇರಿಸಿಕೊಳ್ಳುವವರೂ ಇದ್ದಾರೆ. ಸಾಲ ಮಾಡಿ ಅಲ್ಲಿಗೆ ಹೋಗಬೇಡಿ. ತಿಂಗಳಿಗೆಷ್ಟು, ಎಷ್ಟು ವರ್ಷ, ಕೊಡುವವರು ಯಾರು ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ.

ಎರಡೂ ತಾಲ್ಲೂಕುಗಳ ಕಾಲೇಜುಗಳು ಈ ಪರೀಕ್ಷೆಗಳ ಅರ್ಜಿಯ ದಿನಾಂಕಗಳನ್ನು ಫಲಕದ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ. ಸೀಮೆಸುಣ್ಣದ ಖರ್ಚು ಬಿಟ್ಟರೆ ಇದಕ್ಕೆ ಬೇರೆ ಅನುದಾನ ಬೇಕಿಲ್ಲ.