ಟ್ಯೂಷನ್ ಸಂಪಾದನೆ ಕೈಖರ್ಚಿನ ದುಡ್ಡಲ್ಲ

ರೋಣ, ನರೇಗಲ್, ಗಜೇಂದ್ರಗಡದಂತಹ ಪಟ್ಟಣಗಳಲ್ಲಿ ಪದವಿ ಮುಗಿಸಿದ ಹೆಣ್ಣುಮಕ್ಕಳಿಗೆ ಮನೆಯಲ್ಲಿದ್ದುಕೊಂಡೇ ಮಾಡಬಹುದಾದ ಉದ್ಯೋಗಗಳು ಬಹಳವಿಲ್ಲ. ಇರುವವುಗಳಲ್ಲಿ ಟ್ಯೂಷನ್ ಒಂದು. ಸಂಜೆಯ ಹೊತ್ತು ಹತ್ತಾರು ಮಕ್ಕಳಿಗೆ ಗಣಿತ, ಇಂಗ್ಲಿಷ್ ಕಲಿಸಿ ಗಳಿಸಿದ ಹಣ ತಮ್ಮಂದಿರ ಫೀಸಿಗೋ ಮನೆ ಬಾಡಿಗೆಗೋ ಸಲ್ಲುತ್ತದೆ. ಆದರೂ ಮನೆಯವರ ದೃಷ್ಟಿಯಲ್ಲಿ ಅದು ಕೈಖರ್ಚಿನ ದುಡ್ಡು. ಸರಕಾರದ ಕಡತಗಳಲ್ಲಂತೂ ಅದಕ್ಕೆ ಅಸ್ತಿತ್ವವೇ ಇಲ್ಲ. ಕೇಳಿದರೆ, ‘ವಿದ್ಯೆ ಹೇಳಿಕೊಡುವುದಕ್ಕೂ ತೆರಿಗೆಯೇ?’ ಎಂಬ ಮರುಪ್ರಶ್ನೆ ಬರುತ್ತದೆ.

ಶಿಕ್ಷಣವೆಂಬ ಹೆಸರಿದ್ದ ಮಾತ್ರಕ್ಕೆ ತೆರಿಗೆಯಿಂದ ವಿನಾಯಿತಿ ದೊರೆಯುವುದಿಲ್ಲ. ರೋಣವೂ ಹುಬ್ಬಳ್ಳಿಯೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ‘ಸಂಯುಕ್ತ ಕರ್ನಾಟಕ’ ಪತ್ರಿಕೆಯನ್ನು ಹೊರತರುತ್ತಿದ್ದ ಲೋಕ ಶಿಕ್ಷಣ ಟ್ರಸ್ಟ್, ತನ್ನ ಕಾರ್ಯವೂ ಶಿಕ್ಷಣವೇ ಎಂದು ವಾದಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. 1975ರಲ್ಲಿ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ತೆರಿಗೆ ಕಾನೂನಿನಲ್ಲಿ ಶಿಕ್ಷಣವೆಂದರೆ ಕ್ರಮಬದ್ಧ ಶಾಲಾ ಬೋಧನೆ ಎಂದು ಅದು ಹೇಳಿತು. ಶಿಕ್ಷಣಕ್ಕೆಂದು ಇರುವ ವಿನಾಯಿತಿಯಾದರೂ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೇ ಹೊರತು ವ್ಯಕ್ತಿಯ ಗಳಿಕೆಗಲ್ಲ.

ಹಾಗಾದರೆ ಟ್ಯೂಷನ್ ಹಣ ಯಾವ ಶೀರ್ಷಿಕೆಯಡಿ ಬರುತ್ತದೆ? ಕೋಚಿಂಗ್ ಕೇಂದ್ರವೊಂದರಲ್ಲಿ ನೌಕರರಾಗಿ ತಿಂಗಳ ಪಗಾರ ಪಡೆಯುವವರಿಗೆ ಅದು ‘ವೇತನ’. ಸ್ವಂತವಾಗಿ ಕಲಿಸಿ ಮಕ್ಕಳ ಪಾಲಕರಿಂದ ಶುಲ್ಕ ಪಡೆಯುವವರಿಗೆ ಅದು ‘ವ್ಯಾಪಾರ ಅಥವಾ ವೃತ್ತಿಯ ಆದಾಯ’. ವ್ಯತ್ಯಾಸ ಸಣ್ಣದಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಗಳ ಸ್ಥಿರ ಕಡಿತವು ವೇತನದಾರರಿಗೆ ಮಾತ್ರ. ಸ್ವಂತ ಟ್ಯೂಷನ್ ನಡೆಸುವವರು ಅದರ ಬದಲು ಕೋಣೆಯ ಬಾಡಿಗೆ, ವಿದ್ಯುತ್, ಪುಸ್ತಕ, ಬೋರ್ಡು ಮುಂತಾದ ಖರ್ಚುಗಳನ್ನು ಕಳೆಯಬಹುದು. ಹಲವರು ಈ ಹಣವನ್ನು ‘ಇತರ ಮೂಲಗಳ ಆದಾಯ’ ಎಂದು ತೋರಿಸುತ್ತಾರೆ. ಆ ಶೀರ್ಷಿಕೆಯಿರುವುದು ಬೇರೆಲ್ಲೂ ಸೇರದ ಆದಾಯಕ್ಕೆ. ವರ್ಷವಿಡೀ ದುಡಿದು ಗಳಿಸಿದ್ದಕ್ಕಲ್ಲ.

ಹೀಗೆ ಬರೆದಿಟ್ಟರೆ ತೆರಿಗೆಯ ಹೊರೆ ಬೀಳುವುದೆಂಬ ಭಯವೂ ಇದೆ. 2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಬರುವುದಿಲ್ಲ. ಆದರೆ ಆದಾಯ 4 ಲಕ್ಷ ದಾಟಿದರೆ ರಿಟರ್ನ್ಸ್ ಸಲ್ಲಿಸಲೇಬೇಕು. ಅದಕ್ಕಿಂತ ಕಡಿಮೆಯಿದ್ದರೂ ಸ್ವಇಚ್ಛೆಯಿಂದ ಸಲ್ಲಿಸಬಹುದು. ಬ್ಯಾಂಕ್ ಸಾಲ ಕೇಳುವ ದಿನ ಆ ಕಾಗದವೇ ಸಂಪಾದನೆಗೆ ಸಾಕ್ಷಿ.

ಇನ್ನೊಂದು ಅಂಶ. ಅಪ್ರಾಪ್ತ ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಲಾಗುತ್ತದೆ. ಆದರೆ ಸ್ವಂತ ದೈಹಿಕ ದುಡಿಮೆ, ಕೌಶಲ, ಪ್ರತಿಭೆಯಿಂದ ಗಳಿಸಿದ್ದನ್ನು ಹಾಗೆ ಸೇರಿಸುವಂತಿಲ್ಲ. ಅಂದರೆ ಪಿಯುಸಿ ಓದುವ ಹದಿನೇಳರ ಬಾಲಕಿ ಪಾಠ ಹೇಳಿ ಗಳಿಸಿದ್ದೂ ಕಾನೂನಿನ ಕಣ್ಣಲ್ಲಿ ಅವಳದೇ.

ಹೆಣ್ಣಿನ ದುಡಿಮೆ ಅವಳದೇ ಸ್ವತ್ತೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಸಾರುವ ಸಮುದಾಯ ನಮ್ಮದು. ಹೀಗಿರುವಾಗ ಅವಳ ಗಳಿಕೆಯನ್ನು ಅವಳ ಹೆಸರಿನಲ್ಲಿ ಬರೆದಿಡಲು ಹಿಂಜರಿಕೆಯೇಕೆ? ಪಾನ್ ಕಾರ್ಡು, ಅವಳದೇ ಬ್ಯಾಂಕ್ ಖಾತೆ, ಶುಲ್ಕ ಮತ್ತು ಖರ್ಚು ಬರೆಯುವ ಒಂದು ನೋಟ್‌ಬುಕ್ಕು. ಆರಂಭಕ್ಕೆ ಇಷ್ಟು ಸಾಕು. ಮನೆಯ ಹಿರಿಯರು ಮನಸ್ಸು ಮಾಡಬೇಕಷ್ಟೇ.